ಎಂಟನೆಯ ಮುದ್ದೆ

ನಾನು ಹೂಗ್ಯಂನಲ್ಲಿ ತಕ್ಕಡಿ ಕಟ್ಟಿದ ಮೊದಲ ಬೆಳಿಗ್ಗೆಯೇ ಆ ಮನೆಯ ಯಜಮಾನ ಕೇಳಿದ್ದರು: “ನಾವ್ ಉಣ್ಣಾದ್ನ ತೂಗಿ ಸರ್ಕಾರ ಏನ್ ಮಾಡ್ತದೆ ಸಾ? ಕಮ್ಮಿ ಅಂದ್ರೆ ಕೊಟ್ಟಾದಾ, ಜಾಸ್ತಿ ಅಂದ್ರೆ ಕಿತ್ಕಂಡಾದಾ?”

ಎರಡೂ ಇಲ್ಲ, ಬರೆದುಕೊಳ್ಳುತ್ತದೆ ಅಷ್ಟೆ ಅಂದೆ. ಅವರು ಜಗಲಿಯ ಮೇಲೆ ಕೂತಿದ್ದ ತಮ್ಮಿಬ್ಬರು ಗಂಡುಮಕ್ಕಳ ಕಡೆ ತಿರುಗಿ ಜೋರಾಗಿ ನಕ್ಕರು. ನನಗೆ ಒಳಗೊಳಗೇ ಕೋಪ ಬಂತು. ನನಗೆ ಆಗ ಇಪ್ಪತ್ನಾಲ್ಕು ವರ್ಷ. ವಿಜ್ಞಾನದ ಡಿಗ್ರಿ ಮುಗಿಸಿ ಸರ್ಕಾರದ ಆಹಾರ ಸಮೀಕ್ಷೆಗೆ ಸೇರಿ ಮೂರು ತಿಂಗಳಾಗಿತ್ತು. ಬರೆದುಕೊಳ್ಳುವುದಕ್ಕಿಂತ ದೊಡ್ಡ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಎಂದು ನಾನು ನಿಜವಾಗಿಯೂ ನಂಬಿದ್ದೆ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ಅದು. ಕೊಳ್ಳೇಗಾಲ ಆಗ ಮದರಾಸಿನ ಆಡಳಿತದಲ್ಲಿ, ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಾನು ಪಕ್ಕದ ಯಳಂದೂರಿನವನು, ಅಂದರೆ ಮೈಸೂರು ಸಂಸ್ಥಾನದ ಪ್ರಜೆ. ಎರಡು ಊರಿನ ನಡುವೆ ಅರ್ಧ ದಿನದ ನಡಿಗೆ, ಸರ್ಕಾರ ಮಾತ್ರ ಬೇರೆ. ಕನ್ನಡ ಬಲ್ಲ, ತಮಿಳು ಅರ್ಥವಾಗುವ ಪದವೀಧರ ಬೇಕಾಗಿದ್ದರಿಂದ ಆ ಸರ್ಕಾರ ನನ್ನನ್ನು ಸೇರಿಸಿಕೊಂಡಿತ್ತು. ಹನೂರಿನವರೆಗೆ ಇದ್ದಿಲು ಗ್ಯಾಸಿನ ಬಸ್ಸು, ಅಲ್ಲಿಂದ ಮುಂದಕ್ಕೆ ಎತ್ತಿನ ಗಾಡಿ. ಕಾಡಂಚಿನ ಹೂಗ್ಯಂ ತಲುಪುವ ಹೊತ್ತಿಗೆ ನನ್ನ ತಕ್ಕಡಿಯ ದಂಡಿಗೆ ಬಾಗದೆ ಇದ್ದದ್ದೇ ಪುಣ್ಯ.

ಕೆಲಸದ ಕ್ರಮ ಹೀಗಿತ್ತು. ಒಂದು ಮನೆಗೆ ಏಳು ದಿನ. ಬೆಳಿಗ್ಗೆ ಸಂಜೆ, ಒಲೆಗೆ ಹೋಗುವ ಮೊದಲು ರಾಗಿ ಹಿಟ್ಟು, ಕಾಳು, ಸೊಪ್ಪು, ಎಣ್ಣೆ, ಉಪ್ಪು ಎಲ್ಲವನ್ನೂ ಹಸಿಯಾಗಿಯೇ ತೂಗಬೇಕು. ತೂಗಿದ್ದನ್ನು ಔನ್ಸಿನಲ್ಲಿ ಬರೆಯಬೇಕು. ಉಂಡವರ ಹೆಸರು, ವಯಸ್ಸು, ಮಾಡುವ ಕೆಲಸ ಬರೆಯಬೇಕು. ಆಮೇಲೆ ಒಂದು ಕೋಷ್ಟಕ: ದುಡಿಯುವ ಗಂಡಸು ಅಂದರೆ ಒಂದು, ಹೆಂಗಸು ಒಂದಕ್ಕೆ ಸ್ವಲ್ಪ ಕಡಿಮೆ, ಮಕ್ಕಳು ವಯಸ್ಸಿನ ಪ್ರಕಾರ ಮುಕ್ಕಾಲು, ಅರೆ, ಕಾಲು. ಮುದುಕರಿಗೆ ಇಳಿಕೆ, ಬಸುರಿಗೂ ಬಾಣಂತಿಗೂ ಏರಿಕೆ. ಎಲ್ಲ ಕೂಡಿಸಿದರೆ ಆ ಮನೆಯಲ್ಲಿ ಎಷ್ಟು ‘ಆಳು’ ಎಂದು ಸಿಗುತ್ತಿತ್ತು. ಏಳು ದಿನದ ಆಹಾರವನ್ನು ಆ ಆಳುಗಳಿಗೆ ಭಾಗಿಸಿ ಸಾಕು ಅಥವಾ ಸಾಲದು ಎಂದು ಬರೆದರೆ ಮನೆ ಮುಗಿದಂತೆ. ಮನುಷ್ಯನ ಹುಟ್ಟಿನಿಂದ ಮುಪ್ಪಿನವರೆಗಿನ ಹಸಿವೆಲ್ಲ ಒಂದು ಅಂಗೈಯಗಲದ ಕೋಷ್ಟಕದಲ್ಲಿ ಕೂತಿತ್ತು. ಅದು ನನಗೆ ಬಾಯಿಪಾಠವಾಗಿತ್ತು, ಜಂಬವೂ ಇತ್ತು.

ಇನ್ನೊಂದು ನಿಯಮವಿತ್ತು, ಅದನ್ನು ಮೇಲಧಿಕಾರಿ ಎರಡು ಸಲ ಹೇಳಿ ಕಳಿಸಿದ್ದರು. ಏಳು ದಿನ ಮುಗಿಯುವವರೆಗೆ ಮನೆಯವರಿಗೆ ಯಾವ ಸಲಹೆಯನ್ನೂ ಕೊಡಕೂಡದು. ಕೊಟ್ಟರೆ ಅವರು ಉಣ್ಣುವುದು ಬದಲಾಗುತ್ತದೆ, ಲೆಕ್ಕ ಕೆಡುತ್ತದೆ, ಆ ಮನೆಯನ್ನು ಪಟ್ಟಿಯಿಂದ ಹೊಡೆದು ಹಾಕಬೇಕಾಗುತ್ತದೆ.

ಆ ಮನೆಯಲ್ಲಿ ಎಂಟು ಜನ. ಯಜಮಾನ, ಅವರ ಹೆಂಡತಿ, ಅವರ ಹಣ್ಣುಹಣ್ಣು ತಾಯಿ, ಇಬ್ಬರು ಗಂಡುಮಕ್ಕಳು, ಹದಿಮೂರು ವರ್ಷದ ಮಗಳು, ಹಿರಿಮಗನ ಹೆಂಡತಿ, ಮತ್ತೆ ನಾಲ್ಕು ವರ್ಷದ ಒಂದು ಹೆಣ್ಣುಕೂಸು. ಕೂಸು ತೀರಿಹೋದ ಹಿರಿಮಗಳದು ಎಂದು ಬರೆಸಿದರು. ಸೊಸೆ ಏಳು ತಿಂಗಳ ಬಸುರಿ. ಚೊಚ್ಚಲು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಬಾಣಂತನ ಇಲ್ಲೇ ಎಂದೂ ಹೇಳಿದರು. ಅಡಿಗೆಮನೆಯ ಸೂತ್ರವೆಲ್ಲ ಯಜಮಾನರ ಹೆಂಡತಿಯ ಕೈಯಲ್ಲಿ. ಅವರನ್ನು ನಾನು ಅಮ್ಮ ಅನ್ನುತ್ತಿದ್ದೆ.

ಲಿಂಗ ಕಟ್ಟುವವರ ಮನೆ ಅದು. ಬೇಯಿಸಿದ ಪದಾರ್ಥ ನನ್ನಂಥ ಹೊರಗಿನವನ ಕಣ್ಣಿಗೆ ಬೀಳುವಂತಿರಲಿಲ್ಲ. ಹಾಗಾಗಿ ತಕ್ಕಡಿಯನ್ನು ಜಗಲಿಯ ತೊಲೆಗೆ ಕಟ್ಟಿದೆ. ಅಮ್ಮ ಮೊರದಲ್ಲಿ ಹಿಟ್ಟು ತರುವರು, ನಾನು ತೂಗುವೆ, ಅವರು ಒಳಗೆ ಒಯ್ಯುವರು. ಒಳಗೆ ಹೋದದ್ದು ಯಾರ ಹೊಟ್ಟೆಗೆ ಎಷ್ಟು ಸೇರಿತು ಎನ್ನುವುದು ನನಗೆ ಕಾಣುತ್ತಿರಲಿಲ್ಲ. ನನ್ನ ಕಾಗದಕ್ಕೂ ಅದು ಬೇಕಿರಲಿಲ್ಲ.

ಮೊದಲ ಎರಡು ದಿನ ಖುಷಿಯಾಗಿ ಕಳೆದೆ. ಆ ಸೀಮೆಯಲ್ಲಿ ಮುದ್ದೆಗೂ ಹಿಟ್ಟೆಂದೇ ಅನ್ನುತ್ತಾರೆ, ಬಾಯಲ್ಲಿ ‘ಇಟ್ಟು’. “ಇಟ್ಟಾಯ್ತಾ?” ಅಂದರೆ ಊಟವಾಯಿತೇ ಎಂದು. ಮನೆಯ ಲೆಕ್ಕ ಹಾಕಿ ನೋಡಿದರೆ ಇಟ್ಟು ಧಾರಾಳವಾಗಿಯೇ ಇತ್ತು. ಆಳಿಗೆ ಬೇಕಾದ್ದಕ್ಕಿಂತ ಕೂದಲೆಳೆ ಮೇಲೆಯೇ. ಹಿಂದಿನ ವಾರ ಧನಗೆರೆ ಕಡೆ ನೋಡಿದ ಮನೆಗಳಿಗಿಂತ ಇದು ವಾಸಿ. ಸೊಪ್ಪಿತ್ತು, ಅವರೆ ಇತ್ತು, ಎರಡು ಹಸು ಹಾಲು ಕೊಡುತ್ತಿದ್ದವು. ‘ತೃಪ್ತಿಕರ’ ಎಂದು ಪೆನ್ಸಿಲಿನಲ್ಲಿ ಆಗಲೇ ಬರೆದುಕೊಂಡಿದ್ದೆ.

ಮೂರನೆಯ ದಿನ ಸೊಸೆಯನ್ನು ಸರಿಯಾಗಿ ನೋಡಿದೆ. ನೀರಿನ ಬಿಂದಿಗೆ ಹೊತ್ತು ಬಂದವಳು ಜಗಲಿಯ ಕಂಬ ಹಿಡಿದು ನಿಂತಳು. ಉಸಿರು ಬಿಡುವುದಕ್ಕೇ ಕೆಲಸವಾಗಿತ್ತು. ಪಾದ ಊದಿದ್ದವು. ಕಂಬ ಹಿಡಿದ ಬೆರಳಿನ ಉಗುರು ಸುಣ್ಣದ ಹಾಗೆ ಬೆಳ್ಳಗಿದ್ದವು. ಕಣ್ಣಿನ ಕೆಳರೆಪ್ಪೆ ಎಳೆದು ಬಣ್ಣ ನೋಡುವುದು ನಮ್ಮ ಪಟ್ಟಿಯಲ್ಲಿತ್ತು, ಆದರೆ ಹೆಂಗಸರ ಪರೀಕ್ಷೆ ನಮ್ಮ ಲೇಡಿ ಡಾಕ್ಟರರ ಕೆಲಸ. ಅವರು ನಾಳೆ ಬರುತ್ತಾರೆ ಎಂದು ದಿನಾ ಬರೆಯುತ್ತಿದ್ದೆ. ಕೊನೆಗೂ ಅವರು ಬರಲಿಲ್ಲ. ಆ ಇಡೀ ಕೆಲಸಕ್ಕೆ ಇದ್ದದ್ದು ಅವರೊಬ್ಬರೇ.

“ಊಟ ಆಯಿತೇನಮ್ಮ?” ಎಂದು ಅವಳನ್ನು ಕೇಳಿದೆ.

“ಉಂಡೆ ಸಾ,” ಅಂದಳು. ತಲೆ ಎತ್ತಲಿಲ್ಲ.

ಅಮ್ಮನನ್ನು ಕೇಳಿದೆ, ಬಡಿಸುವುದು ಹೇಗೆ, ಯಾರಿಗೆ ಎಷ್ಟು ಎಂದು. ಅವರಿಗೆ ನನ್ನ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. “ಎಲ್ಲಾರ್ಗೂ ಸಮವೇ ಸಾ. ನಮ್ ಮನೇಲಿ ಅಂಗೆಲ್ಲ ಭೇದ ಇಲ್ಲ. ಕೈಗೆ ಎಷ್ಟ್ ಬತ್ತದೋ ಅಷ್ಟು ಕಟ್ಟಿ ಇಕ್ತೀನಿ.”

‘ಸಮ’ ಎನ್ನುವ ಮಾತನ್ನು ನಾನು ನಂಬಿ ಬರೆದುಕೊಂಡೆ. ಸುಳ್ಳು ಹೇಳುವ ಹೆಂಗಸಲ್ಲ ಅವರು. ಅದು ಇವತ್ತಿಗೂ ನನ್ನ ಅಭಿಪ್ರಾಯ.

ನಾಲ್ಕನೆಯ ದಿನ ಮಳೆ ಬಿಟ್ಟಿತ್ತು. ಗೋಡೆಯ ಬುಡ ನೆನೆದು ಉದುರಿದ ಕಡೆ ಮೆತ್ತುವುದಕ್ಕೆ ಅಮ್ಮ ಅಂಗಳದಲ್ಲಿ ಕೆಮ್ಮಣ್ಣು ಕಲಸುತ್ತಿದ್ದರು. ಮಣ್ಣು ಹದಕ್ಕೆ ಬಂದಂತೆ ಅದನ್ನು ಉಂಡೆ ಮಾಡಿ ಪಕ್ಕಕ್ಕೆ ಇಡುವರು. ಆ ಕೈಯ ತಿರುವು ನೋಡುತ್ತ ಕೂತಿದ್ದವನಿಗೆ ಥಟ್ಟನೆ ಹೊಳೆಯಿತು. ಬೇಯಿಸಿದ ಮುದ್ದೆ ನಾನು ನೋಡುವಂತಿಲ್ಲ. ಮಣ್ಣಿನ ಮುದ್ದೆ ನೋಡಬಹುದಲ್ಲ!

“ಅಮ್ಮ, ಒಂದು ಆಟ ಆಡೋಣ,” ಅಂದೆ. “ಇದೇ ಮಣ್ಣಲ್ಲಿ, ಒಂದು ಹೊತ್ತಿನ ಊಟಕ್ಕೆ ಒಬ್ಬೊಬ್ಬರಿಗೆ ನೀವು ಎಷ್ಟು ಮುದ್ದೆ ಕಟ್ಟುತ್ತೀರೋ ಅಷ್ಟಷ್ಟೇ ಕಟ್ಟಿ ಇಡಿ. ಯೋಚನೆ ಮಾಡಬೇಡಿ, ಕೈ ಹೇಗೆ ಹೋಗುತ್ತದೋ ಹಾಗೆ.”

ಅವರಿಗೆ ನಗು ತಡೆಯಲಾಗಲಿಲ್ಲ. “ಈ ಸಾ ಮಣ್ ಉಣ್ಣಾಕೆ ಬಂದವ್ರೆ ಕಣೇ,” ಎಂದು ಒಳಗಿದ್ದ ಮಗಳನ್ನು ಕೂಗಿ ಕರೆದರು. ಆದರೂ ಕೂತು ಕಟ್ಟಿದರು. ಕಟ್ಟಿ ಕಟ್ಟಿ ಜಗಲಿಯ ಅಂಚಿನ ಮೇಲೆ ಸಾಲಾಗಿ ಇಟ್ಟರು. “ಇದು ಯಜಮಾನ್ರುದು. ಇದು ದೊಡ್ಡೋನ್ದು, ಇದು ಚಿಕ್ಕೋನ್ದು. ನೇಗ್ಲು ಕಟ್ಟೋರು, ಉಣ್ಬೇಕು. ಇದು ಈ ಮೊಗೀದು, ಇವ್ಳಿಗೆ ಈಗ ಬೆಳ್ಯೋ ವಯಸ್ಸು, ಅದ್ಕೆ ನನ್ಗಿಂತ ಒಂದ್ ತುತ್ತು ಜಾಸ್ತಿ. ಇದು ನಂದು. ಇದು ಮುದ್ಕೀದು, ಹಲ್ಲಿಲ್ಲ, ಅಂಬ್ಲೀಲಿ ಕದಡಿ ಕೊಡೋದು. ಇದು ಕೂಸಿಂದು. ಇದು ಸೊಸೇದು.”

ಎಂಟು ಮಣ್ಣಿನ ಮುದ್ದೆ. ನಾನು ನೋಡುತ್ತಲೇ ಇದ್ದೆ. ನಮ್ಮ ಇಲಾಖೆಯ ಕೋಷ್ಟಕ ಓದದೆ ಈಕೆ ಅದನ್ನು ಕೈಯಲ್ಲೇ ಕಟ್ಟಿ ಇಟ್ಟಿದ್ದರು. ಬೆಳೆಯುವ ಹುಡುಗಿಗೆ ಏರಿಕೆ, ಮುದುಕಿಗೆ ಇಳಿಕೆ, ಕೂಸಿಗೆ ಕಾಲು. ಒಂದು ಕಡೆ ಮಾತ್ರ ಕೈ ಬೇರೆ ದಾರಿ ಹಿಡಿದಿತ್ತು. ಎಂಟನೆಯ ಮುದ್ದೆ ನಾಲ್ಕು ವರ್ಷದ ಕೂಸಿನ ಮುದ್ದೆಗಿಂತ ಒಂದಿಷ್ಟೇ ದಪ್ಪ.

ಒಂದೊಂದಾಗಿ ತಕ್ಕಡಿಗೆ ಹಾಕಿ ತೂಗಿದೆ. ಆ ದಿನದ ಹಿಟ್ಟನ್ನು ಅದೇ ಪ್ರಮಾಣದಲ್ಲಿ ಹಂಚಿ ಲೆಕ್ಕ ತೆಗೆದೆ. ಬಸುರಿಗೆ ಏರಿಕೆ ಕೊಟ್ಟು ನನ್ನ ಕಾಗದ ಏನು ಹೇಳುತ್ತಿತ್ತೋ ಅದರ ಅರ್ಧಕ್ಕಿಂತ ಕಡಿಮೆ ಅವಳ ಪಾಲಿಗೆ ಬರುತ್ತಿತ್ತು. ಅಳತೆ ಇನ್ನೂ ಖಚಿತವಾಗಲಿ ಎಂದು ಇನ್ನೊಂದು ಸಲ ಕಟ್ಟಿಸಿದೆ. ಎರಡನೆಯ ಸಲದ ಎಂಟೂ ಮೊದಲಿನ ಎಂಟಕ್ಕೆ ಒಂದು ಔನ್ಸೂ ಹೆಚ್ಚುಕಡಿಮೆ ಇಲ್ಲದೆ ಕೂತವು. ಆ ಕೈ ನನ್ನ ಹಿತ್ತಾಳೆ ತೂಕದ ಬಟ್ಟುಗಳಷ್ಟೇ ನೆಟ್ಟಗಿತ್ತು.

ಇದು ಎಷ್ಟು ದಿನದಿಂದ ಎಂದು ಕೇಳಲಿಲ್ಲ. ಕೇಳಿದರೆ ಸಲಹೆ ಕೊಟ್ಟಂತೆ ಆದೀತೆಂದು ಹೆದರಿದೆ. ಮೊದಲ ಸಲದ ಮುದ್ದೆಗಳನ್ನು ಜಗಲಿಯ ಅಂಚಿನಲ್ಲೇ ಒಣಗುವುದಕ್ಕೆ ಬಿಟ್ಟು ನಾನು ಉಳಿದುಕೊಂಡಿದ್ದ ಚಾವಡಿಗೆ ಹೋದೆ. ಹೊಸದೊಂದು ಅಳತೆಯ ದಾರಿ ಕಂಡುಹಿಡಿದೆನೆಂಬ ಹಿಗ್ಗು ನನಗೆ. ಅದನ್ನು ಇಲ್ಲಿ ಮುಚ್ಚಿಟ್ಟರೆ ಏನು ಬಂತು? ಹಿಗ್ಗಿದ್ದೆ.

ಐದನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಏಳು ಮುದ್ದೆ ಇದ್ದ ಹಾಗೇ ಇವೆ, ಎಂಟನೆಯದು ಅರ್ಧ ಇಲ್ಲ. ಕೋಳಿ ಕೆದಕಿರಬೇಕು, ಇಲ್ಲ ಆಡು ಮೂಸಿ ಬೀಳಿಸಿರಬೇಕು ಅಂದುಕೊಂಡೆ. ಆದರೆ ಕೆಳಗೆ ಒಂದು ಚೂರೂ ಬಿದ್ದಿರಲಿಲ್ಲ. ಕಿತ್ತ ಜಾಗದಲ್ಲಿ ಬೆರಳಿನ ಗುರುತಿತ್ತು.

ಕೂಸು ಅಲ್ಲೇ ಮೆಟ್ಟಿಲ ಮೇಲೆ ಕೂತು ಹುಣಸೆಬೀಜ ಜೋಡಿಸುತ್ತಿತ್ತು. “ಇದನ್ನ ಯಾರು ಮುರಿದರು ಮರಿ?” ಅಂದೆ.

“ಅತ್ತೆ ತಿಂದ್ರು,” ಅಂದಿತು. ಸೋದರಮಾವನ ಹೆಂಡತಿ ಅದಕ್ಕೆ ಅತ್ತೆ. ಕೂಸಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. “ದಿನಾ ತಿಂತಾರೆ. ಗೋಡೇದೂ ಕಿತ್ತು ತಿಂತಾರೆ.”

ಗೋಡೆಯ ಬುಡ ನೋಡಿದೆ. ಮಳೆಗೆ ಉದುರಿದ್ದು ಎಂದು ನಾನು ತಿಳಿದಿದ್ದ ಜಾಗದಲ್ಲಿ, ಕೂತರೆ ಕೈಗೆ ಸಿಗುವ ಎತ್ತರದಲ್ಲಿ, ಬೆರಳು ಹೋಗುವಷ್ಟು ಗುಣಿಗಳಿದ್ದವು. ಅಮ್ಮ ಮೆತ್ತುತ್ತಿದ್ದದ್ದು ಅದನ್ನೇ.

ಸೊಸೆ ಹಿತ್ತಲಿನಿಂದ ಸೊಪ್ಪು ಬಿಡಿಸಿಕೊಂಡು ಬಂದಳು. ನಾನು ಆ ಅರ್ಧ ಮುದ್ದೆಯ ಮುಂದೆ ನಿಂತಿರುವುದನ್ನು ನೋಡಿ ಅವಳ ಮುಖ ಸಣ್ಣಗಾಯಿತು. ಕದ್ದು ಸಿಕ್ಕಿಬಿದ್ದವರ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಬೈಬ್ಯಾಡಿ ಸಾ. ಮಳೆ ಬಿದ್ದೇಟ್ಗೆ ವಾಸ್ನೆ ಬತ್ತದಲ್ಲ, ತಡಿಯಾಕೇ ಆಗಾಕಿಲ್ಲ,” ಅಂದಳು. ಆಮೇಲೆ ಇನ್ನೂ ಮೆಲ್ಲಗೆ, “ನಿಮ್ ಲೆಕ್ಕದ್ದು ಅಂತ ಗೊತ್ತಿತ್ತು. ನಂದೇ ತಕಂಡೆ. ಬ್ಯಾರೆಯವ್ರದ್ನ ಮುಟ್ನಿಲ್ಲ.”

ನನಗೆ ಕಣ್ಣಲ್ಲಿ ನೀರು ಬಂತು. ಸಂಕಟಕ್ಕೆ ಬಂತೋ ನಾಚಿಕೆಗೆ ಬಂತೋ ಹೇಳಲಾರೆ. ಮೈಯಲ್ಲಿ ರಕ್ತ ಇಳಿದ ಬಸುರಿಯರು ಮಣ್ಣಿಗೆ, ಬೂದಿಗೆ, ಇದ್ದಿಲಿಗೆ ಆಸೆಪಡುತ್ತಾರೆ ಎಂದು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆ ದಿನದ ಹಾಳೆಯಲ್ಲಿ ‘ತಿಂದ ಪದಾರ್ಥಗಳು’ ಎಂಬ ಕಲಮಿನ ಕೆಳಗೆ, ರಾಗಿ, ಅವರೆ, ಸೊಪ್ಪು ಆದಮೇಲೆ ‘ಕೆಮ್ಮಣ್ಣು’ ಎಂದು ಬರೆದೆ. ಮುಂದೆ ತೂಕ ಹಾಕಿದೆ. ನಿನ್ನೆಯ ತೂಕದಲ್ಲಿ ಉಳಿದದ್ದನ್ನು ಕಳೆದರೆ ಸಿಗುತ್ತಿತ್ತು.

ಆ ದಿನವೂ ನಾನು ಬಾಯಿ ಬಿಡಲಿಲ್ಲ. ಇನ್ನೆರಡು ದಿನ ಕಳೆದರೆ ಮನೆ ಪಟ್ಟಿಯಲ್ಲಿ ಉಳಿಯುತ್ತದೆ, ಆಮೇಲೆ ಎಷ್ಟು ಬೇಕಾದರೂ ಹೇಳಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ದಿನ ಬೇಗ ಹೇಳಿದ್ದರೆ ಏನಾದರೂ ಆಗುತ್ತಿತ್ತೇ? ಏನೂ ಆಗುತ್ತಿರಲಿಲ್ಲ. ಲೆಕ್ಕ ಬಲ್ಲವನು ನಾನು, ನನಗದು ಗೊತ್ತು. ಆದರೂ ಆ ಒಂದು ದಿನ ನನ್ನನ್ನು ಬಿಟ್ಟಿಲ್ಲ.

ಆರನೆಯ ದಿನ ಬೆಳಿಗ್ಗೆ ತಡೆಯಲಾಗಲಿಲ್ಲ. ಪಟ್ಟಿ ಹಾಳಾಗಲಿ ಎಂದು ತೀರ್ಮಾನಿಸಿ ತಕ್ಕಡಿಯ ಪಕ್ಕದಲ್ಲೇ ಅಮ್ಮನಿಗೆ ಹೇಳಿದೆ. “ಸೊಸೆಗೆ ಕಟ್ಟುವ ಮುದ್ದೆ ಸಾಲದಮ್ಮ. ಅವಳ ಮೈಯಲ್ಲಿ ರಕ್ತ ಇಲ್ಲ. ನಿಮ್ಮ ದೊಡ್ಡ ಮಗನಿಗೆ ಕಟ್ಟುವಷ್ಟೇ ಅವಳಿಗೂ ಕಟ್ಟಬೇಕು. ಸೊಪ್ಪು, ಹಾಲು ಮೊದಲು ಅವಳಿಗೆ.”

ಅವರು ಮೊರ ಕೆಳಗಿಟ್ಟರು. ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡೆ. ಇಲ್ಲ. ಏನೂ ತಿಳಿಯದ ಮಗುವಿಗೆ ಹೇಳುವ ಹಾಗೆ ಹೇಳಿದರು.

“ನನ್ ಮಗ್ಳಿಗೆ ಅಂಗೇ ಇಕ್ಕಿದ್ದೆ ಕಣಪ್ಪ. ಎರಡ್ ಜೀವ, ಉಣ್ಲಿ ಅಂತ. ತುಪ್ಪ, ಹಾಲು, ದೊಡ್ ದೊಡ್ ಇಟ್ಟು. ಹೊಟ್ಟೇಲಿ ಕೂಸು ದಪ್ಪಾಗಿ ಸಿಕ್ಕಂಡ್ಬುಡ್ತು. ಇದೇ ಕ್ವಾಣೇಲಿ ಎರಡ್ ಹಗ್ಲು ಕೂಗ್ದ್ಲು. ಇವ್ಳು ಬದುಕ್ಕಂಡ್ಳು,” ಎಂದು ಮೆಟ್ಟಿಲ ಮೇಲಿದ್ದ ಕೂಸಿನ ಕಡೆ ಕೈ ತೋರಿಸಿದರು. “ಹೆತ್ತವ್ಳು ಹೋದ್ಲು. ನಾನೇ ಇಕ್ಕಿ ಇಕ್ಕಿ ಸಾಯ್ಸ್ದೆ. ಈ ಹೆಣ್ಣಿಗೆ ತಾಯಿ ಇಲ್ಲ, ನನ್ ಕೈಗೆ ಬಂದದೆ. ಐದ್ ತಿಂಗ್ಳು ತುಂಬ್ದಾಗಿಂದ ದಿನಕ್ ಒಂದೊಂದು ಚಿಟಿಕೆ ಕಮ್ಮಿ ಮಾಡ್ಕಂಡು ಬಂದಿವ್ನಿ. ಇವ್ಳನ್ನಾದ್ರೂ ಉಳಿಸ್ಕಬೇಕು.”

“ಎಲ್ಲರಿಗೂ ಸಮ ಅಂದಿರಲ್ಲಮ್ಮ?”

“ಸಮವೇ ಕಣಪ್ಪ. ಯಾರ್ಗೆ ಏನ್ ಬೇಕೋ ಅದು.”

ನಮ್ಮ ಕೋಷ್ಟಕದ ಅರ್ಥವೂ ಅಕ್ಷರಶಃ ಅದೇ ಆಗಿತ್ತು. ನಾನು ಓದಿದ್ದನ್ನೆಲ್ಲ ಹೇಳಿದೆ. ಹೆರಿಗೆ ಕಷ್ಟವಾಗುವುದು ಮೂಳೆಯ ಕಟ್ಟಿನಿಂದ, ಅನ್ನದಿಂದ ಅಲ್ಲ. ತಾಯಿಗೆ ರಕ್ತ ಇಲ್ಲದಿದ್ದರೆ ಹೆತ್ತ ಮೇಲೆ ತಡೆದುಕೊಳ್ಳುವುದಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು.

“ನೀವ್ ಎಷ್ಟ್ ಹೆರ್ಗೆ ನೋಡಿದ್ದೀರಿ ಸಾ?” ಅಂದರು. ವ್ಯಂಗ್ಯವಿರಲಿಲ್ಲ, ತಿಳಿದುಕೊಳ್ಳುವುದಕ್ಕೇ ಕೇಳಿದರು.

ಒಂದೂ ಇಲ್ಲ ಅಂದೆ.

ಅವರು ಒಳಗೆ ಹೋಗಿ ಒಂದು ಗಡಿಗೆ ತಂದು ಬಟ್ಟೆ ಬಿಚ್ಚಿ ತೋರಿಸಿದರು. ಗಟ್ಟಿ ತುಪ್ಪ, ಬಾಯಿವರೆಗೆ. “ಬಾಣಂತನಕ್ಕೆ ಕೂಡಾಕಿವ್ನಿ. ಬೆಲ್ಲ, ಸುಂಠಿ, ಬೆಳ್ಳುಳ್ಳಿ ಎಲ್ಲಾ ಅದೆ. ಹೆರ್ಲಿ, ಆಮೇಲೆ ನೋಡು ಎಂಗ್ ಇಕ್ತೀನಿ. ಮಣೆ ಮೇಲಿಂದ ಏಳಾಕೆ ಬುಡಾಕಿಲ್ಲ.” ಹೇಳುವಾಗ ಅವರ ಮುಖ ಅರಳಿತ್ತು.

ಯಜಮಾನರ ಹತ್ತಿರ ಹೋದೆ. ಕಾಮಗೆರೆಯಲ್ಲಿ ಆಸ್ಪತ್ರೆ ಇದೆ, ಗಾಡಿ ಕಟ್ಟಿದರೆ ಒಂದು ಹಗಲು, ಒಂದು ಸಲ ತೋರಿಸಿಕೊಂಡು ಬನ್ನಿ ಅಂದೆ. “ಎಂಗಸ್ರ ವಿಸ್ಯ ಸಾ, ನಾನೇನ್ ಏಳ್ಲಿ? ಓಡಾಡ್ಕಂಡು ನೀರ್ ಹೊರ್ತಾವ್ಳೆ, ಸುದ್ದವಾಗವ್ಳೆ. ಸುದ್ದವಾಗಿರೋಳ್ನ ಆಸ್ಪತ್ರೆಗ್ ಯಾಕ್ ಒಯ್ಯದು?” ಎಂದರು. ಗಂಡ ಎನ್ನುವ ಹುಡುಗ ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದ. ಅವನಿಗೆ ಆಸೆ ಇತ್ತು ಅನ್ನಿಸಿತು. ಅಪ್ಪನ ಮುಂದೆ ಮಾತಾಡಲಿಲ್ಲ.

ಏಳನೆಯ ದಿನ ತಕ್ಕಡಿ ಬಿಚ್ಚುವಾಗ ಅಮ್ಮನಿಗೆ ಇನ್ನೊಂದು ಸಲ ಹೇಳಿದೆ. “ಪೂರ್ತಿ ಬೇಡ. ದಿನಕ್ಕೊಂದು ಹಿಡಿ ಜಾಸ್ತಿ ಕಟ್ಟಿ ಸಾಕು.” “ಆಯ್ತು ಕಣಪ್ಪ,” ಅಂದರು. ಹೊರಟು ನಿಂತ ನೆಂಟನನ್ನು ಸಮಾಧಾನ ಮಾಡಿ ಕಳಿಸುವ ದನಿ ಅದು. ನನಗೆ ಅರ್ಥವಾಯಿತು.

ದಾರಿಯಲ್ಲಿ ಕಾಮಗೆರೆಯಲ್ಲಿ ಇಳಿದು ಆಸ್ಪತ್ರೆಯ ನರ್ಸಮ್ಮನ ಹತ್ತಿರ ಎಲ್ಲ ಹೇಳಿದೆ. ಅವರು ಅವಳ ಉಗುರಿನ ವಿವರಣೆ ಕೇಳಿಯೇ ತಲೆ ಅಲ್ಲಾಡಿಸಿದರು. “ಕರೆದುಕೊಂಡು ಬರಬೇಕಿತ್ತು,” ಅಂದರು. ಕಬ್ಬಿಣದ ಮಾತ್ರೆಯ ಒಂದು ಪೊಟ್ಟಣ ಕಟ್ಟಿಕೊಟ್ಟರು. ಅದನ್ನು ಹೂಗ್ಯಂ ಕಡೆಗೆ ಹೋಗುವ ಗಾಡಿಯವರ ಕೈಯಲ್ಲಿ ಕಳಿಸಿದೆ.

ಕಾಗದಗಳನ್ನು ಮೇಲಧಿಕಾರಿಗೆ ಒಪ್ಪಿಸುವಾಗ ನಿಯಮ ಮುರಿದದ್ದನ್ನು ಬಾಯಿಬಿಟ್ಟು ಹೇಳಿದೆ. ಅವರು ಕೆಟ್ಟವರಲ್ಲ, ದಣಿದಿದ್ದರು. ನಿನ್ನ ಸಲಹೆಯಿಂದ ತೂಕ ಬದಲಾಯಿತೇ ಎಂದು ಕೇಳಿದರು. ಇಲ್ಲ ಸಾರ್, ಏನೂ ಬದಲಾಗಲಿಲ್ಲ ಅಂದೆ. ಹಾಗಾದರೆ ಮನೆ ಪಟ್ಟಿಯಲ್ಲೇ ಇರಲಿ ಅಂದರು. ಮಣ್ಣಿನ ಮುದ್ದೆಯ ಲೆಕ್ಕವನ್ನು ಆಸಕ್ತಿಯಿಂದ ಓದಿ ಪಕ್ಕಕ್ಕಿಟ್ಟರು, ಅದಕ್ಕೆ ನಮೂನೆಯಲ್ಲಿ ಜಾಗ ಇರಲಿಲ್ಲ. ‘ಕೆಮ್ಮಣ್ಣು’ ಎನ್ನುವುದನ್ನು ಕೆಂಪು ಪೆನ್ಸಿಲಿನಿಂದ ಹೊಡೆದರು. ಅದು ಆಹಾರ ಅಲ್ಲವಲ್ಲ. ಸರಾಸರಿ ತೆಗೆದು, ನಾನು ಮೊದಲು ಬರೆದಿದ್ದ ‘ತೃಪ್ತಿಕರ’ವನ್ನೇ ಶಾಯಿಯಲ್ಲಿ ತಿದ್ದಿದರು.

ಸುಗ್ಗಿ ಆದಮೇಲೆ ಅದೇ ಮನೆಗಳಿಗೆ ಎರಡನೆಯ ಸುತ್ತು ಹೋಗಬೇಕಿತ್ತು. ಕಣದ ಕಾಲ ಬೇರೆ, ಮಳೆಗಾಲ ಬೇರೆ. ಎರಡೂ ಸೇರಿದರೆ ವರ್ಷದ ಚಿತ್ರ ಸಿಗುತ್ತದೆ. ಸಂಕ್ರಾಂತಿ ಕಳೆದಿತ್ತು. ಜಗಲಿಯ ತೊಲೆಗೆ ತಕ್ಕಡಿ ಕಟ್ಟುತ್ತಿದ್ದೆ. ಸೂರಿನ ಸಂದಿಯಲ್ಲಿ ನಾನು ಕಳಿಸಿದ್ದ ಮಾತ್ರೆಯ ಪೊಟ್ಟಣ ಸಿಕ್ಕಿಸಿದ್ದು ಕಂಡಿತು. ದಾರ ಬಿಚ್ಚಿರಲಿಲ್ಲ. ಒಳಗಿನಿಂದ ಹಸುಗೂಸಿನ ದನಿ ಕೇಳುತ್ತದೇನೋ ಎಂದು ಕಿವಿಗೊಟ್ಟೆ.

“ಉಂಡವರ ಹೆಸರು ಹೇಳಿ,” ಅಂದೆ.

ಯಜಮಾನರು ಏಳು ಹೆಸರು ಹೇಳಿ ನಿಲ್ಲಿಸಿದರು.

ಅಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಕೇಳುವ ಮೊದಲೇ ಹೇಳಿದರು. “ಕೂಸು ಸಣ್ದೇ ಆಗಿತ್ತು ಕಣಪ್ಪ. ನಾನ್ ಅಂದ್ಕಂಡಂಗೇ. ಕಷ್ಟವೇ ಆಗ್ನಿಲ್ಲ, ಹೊತ್ತು ಏರೋದ್ರೊಳ್ಗೆ ಆಗೋಯ್ತು. ನಾವೆಲ್ಲ ನಕ್ಕಂಡು ಬೆಲ್ಲ ಹಂಚಾಕೆ ಓಗಿದ್ವಿ. ಆಮೇಲೆ ಅವ್ಳ ಜೀವ ನಿಲ್ನೇ ಇಲ್ಲ. ಒಂದ್ ಪಾವಿನಷ್ಟೂ ಓಗಿರ್ನಿಲ್ಲ ರಕ್ತ. ಎಲ್ರಿಗೂ ಓಗೋದಷ್ಟೇ. ಅವ್ಳಿಗೆ ಅಷ್ಟೇ ಇತ್ತಂತೆ ಕಾಣ್ತದೆ.” ಹಿಟ್ಟಿನ ಮೊರ ಎತ್ತಿಕೊಳ್ಳುತ್ತ, “ಕೂಸು ಹನ್ನೊಂದ್ ದಿನ ಇತ್ತು,” ಅಂದರು.

ನಾನು ಹೇಳಿದ್ದೆನಲ್ಲ ಎನ್ನುವುದೊಂದೇ ಮಾತು ಬಾಯಿಗೆ ಬಂತು. ಅದನ್ನು ನುಂಗಿಕೊಂಡೆ. ನನ್ನ ಜೀವಮಾನದಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ತೂಗುವ ಕೆಲಸ ನಡೆಯಿತು. ಹೊಸ ರಾಗಿ, ಹೊಸ ಅವರೆ. ಎರಡನೆಯ ದಿನ ಆ ಗಡಿಗೆ ಜಗಲಿಗೆ ಬಂತು. ಬಾಣಂತಿಗೆ ಎತ್ತಿಟ್ಟ ತುಪ್ಪ ಕೆಡುತ್ತದೆಂದು ಈಗ ದಿನವೂ ಮನೆಯವರಿಗೆ ಬಡಿಸುತ್ತಿದ್ದರು. ತೂಗಿ ಬರೆದೆ. ವಾರದ ಕೊನೆಗೆ ಕೂಡಿಸಿ ಭಾಗಿಸಿದರೆ ಲೆಕ್ಕ ಮಿನುಗುತ್ತಿತ್ತು. ಉಣ್ಣುವ ಆಳು ಕಡಿಮೆಯಾಗಿತ್ತು. ಅದೂ ಬಸುರಿಯೆಂದು ಏರಿಕೆ ಕೊಟ್ಟ ಆಳೇ ಹೋಗಿತ್ತು. ತುಪ್ಪ ಹೆಚ್ಚಾಗಿತ್ತು. ಕಳೆದ ಸುತ್ತಿಗಿಂತ ಈ ಮನೆಯ ಪೋಷಣೆ ಎದ್ದು ಕಾಣುವಂತೆ ಸುಧಾರಿಸಿದೆ ಎಂದು ಕಾಗದ ಹೇಳುತ್ತಿತ್ತು. ಮೂರು ಸಲ ಲೆಕ್ಕ ಹಾಕಿದೆ. ತಪ್ಪಿರಲಿಲ್ಲ. ಹಾಗೇ ಬರೆದು ಸಹಿ ಹಾಕಿದೆ. ಎರಡು ಸುತ್ತಿನ ಆ ಹಾಳೆಗಳು ಎಲ್ಲೋ ಒಂದು ಕಟ್ಟಿನಲ್ಲಿ ಇದ್ದಾವು. ಯಾರಾದರೂ ತೆಗೆದು ಓದಿದರೆ ಆ ವರ್ಷ ಹೂಗ್ಯಂನ ಒಂದು ಮನೆಯಲ್ಲಿ ಎಲ್ಲವೂ ಸರಿಹೋಯಿತು ಅಂದುಕೊಳ್ಳುತ್ತಾರೆ.

ಕೊನೆಯ ದಿನ ಅಮ್ಮ ಶಿವರಾತ್ರಿಗೆ ಗೋಡೆ ಸಾರಿಸುವುದಕ್ಕೆ ಅಂಗಳದಲ್ಲಿ ಕೆಮ್ಮಣ್ಣು ಕಲಸುತ್ತಿದ್ದರು. ಕಲಸುತ್ತ ಕಲಸುತ್ತ ಮುದ್ದೆ ಕಟ್ಟತೊಡಗಿದರು. ನಾನು ಕೇಳಿರಲಿಲ್ಲ. ಈ ಸಲ ಆಟ ಬೇಡವೆಂದೇ ಸುಮ್ಮನಿದ್ದೆ. ಅವರು ಒಂದೊಂದಾಗಿ ತಂದು ಜಗಲಿಯ ಅಂಚಿನಲ್ಲಿ, ಮೊದಲು ಇಟ್ಟಿದ್ದ ಜಾಗದಲ್ಲೇ ಇಟ್ಟರು. ಯಜಮಾನರದು, ಇಬ್ಬರು ಗಂಡುಮಕ್ಕಳದು, ಮಗಳದು, ತಮ್ಮದು, ಮುದುಕಿಯದು, ಕೂಸಿನದು. ಏಳು ಆದಮೇಲೆ ಕೈ ನಿಲ್ಲಲಿಲ್ಲ. ಉಳಿದ ಮಣ್ಣನ್ನೆಲ್ಲ ಬಳಿದು, ಎರಡೂ ಅಂಗೈಯಲ್ಲಿ ಹಿಡಿದು, ತಿರುವಿ ತಿರುವಿ ಎಂಟನೆಯದನ್ನು ಕಟ್ಟಿದರು. ದೊಡ್ಡ ಮುದ್ದೆ.

ಅದನ್ನು ತಂದು ನನ್ನ ತಕ್ಕಡಿಯ ಒಂದು ತಟ್ಟೆಗೆ ಹಾಕಿದರು. ಇನ್ನೊಂದು ತಟ್ಟೆಗೆ ದೊಡ್ಡ ಮಗನ ಮುದ್ದೆ ಹಾಕಿದರು. ಮಣ್ಣಿನ ಕೈ ಸೆರಗಿಗೆ ಒರೆಸಿಕೊಂಡು ಪಕ್ಕಕ್ಕೆ ಸರಿದು ನಿಂತರು.

“ನೀನ್ ಹೇಳ್ದಂಗೇ ಕಟ್ಟಿವ್ನಿ. ನೋಡಪ್ಪ, ಸಮ ಅದಾ?”

ದಂಡಿಗೆ ಎರಡು ಸಲ ತೂಗಾಡಿ ನಿಂತಿತು. ಮುಳ್ಳು ನೆಟ್ಟಗಿತ್ತು. ಆ ಕೈ ಯಾವತ್ತೂ ತಪ್ಪಿದ್ದಲ್ಲ.

“ಸಮ ಇದೆಯಮ್ಮ,” ಅಂದೆ.